ಬೆಟ್ಟ ಇಳಿದ ಮೇಲಿನ ಪೂಜೆ



ಮೆಟ್ಟಿಲು ಹತ್ತಿ, ಬೆವರು ಒರೆಸಿಕೊಂಡು, ಸ್ವಾಮಿಯ ದರ್ಶನ ಮಾಡಿ ಕುಳಿತಿದ್ದೀರಿ. ಮನಸ್ಸು ಹಗುರಾಗಿದೆ. ಆದರೆ ಇನ್ನೊಂದು ಗಂಟೆಗೆ ಬೆಟ್ಟ ಇಳಿಯಲೇಬೇಕು. ಮನೆಯಲ್ಲಿ ತೊಳೆಯದ ಪಾತ್ರೆ, ತೀರಿಸಬೇಕಾದ ಸಾಲ, ಹಾಸಿಗೆ ಹಿಡಿದ ಹಿರಿಯರು ಕಾದಿರುತ್ತಾರೆ. “ದೇವರೇ, ಈ ಕೆಲಸ ನನಗೇ ಯಾಕಪ್ಪಾ ಬಂತು?” ಎಂದು ಕೇಳದವರು ನಮ್ಮಲ್ಲಿ ಯಾರಿದ್ದಾರೆ?

ನಾನೂ ಕೇಳಿದವನೇ. ನಮ್ಮೂರು ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆ. ರೇಷ್ಮೆ ಸೀರೆ ನೇಯುವ ಊರು. ಹುಡುಗನಾಗಿದ್ದಾಗ ಅಪ್ಪನ ಮಗ್ಗಕ್ಕೆ ಕಂಡಿಕೆ ಸುತ್ತಿ ಕೊಡುವುದು ನನ್ನ ಪಾಲಿನ ಕೆಲಸ. ಗೆಳೆಯರು ಬೀದಿಯಲ್ಲಿ ಆಡುತ್ತಿದ್ದರೆ ನಾನು ರಾಟೆ ತಿರುಗಿಸುತ್ತಾ ಕೂರಬೇಕು. ಸಿಟ್ಟಿನಿಂದ ಸಡಿಲವಾಗಿ ಸುತ್ತಿದರೆ ಲಾಳಿಯೊಳಗೆ ನೂಲು ಸಿಕ್ಕಿ ಕಡಿಯುತ್ತಿತ್ತು. ಅಪ್ಪ ಬೈಯುತ್ತಿರಲಿಲ್ಲ. ಮಗ್ಗ ನಿಲ್ಲಿಸಿ, ಎಳೆ ಹುಡುಕಿ ಸೇರಿಸುತ್ತಾ, “ಸೀರೆ ಉಟ್ಟೋರಿಗೆ ಕಂಡಿಕೆ ಕಾಣಲ್ಲ ಮಗ. ಆದ್ರೆ ಅದು ಇಲ್ದಿದ್ರೆ ಸೀರೆನೇ ಇಲ್ಲ” ಎನ್ನುತ್ತಿದ್ದರು. ಆಗ ಅದು ತಲೆಗೆ ಹೋಗಲಿಲ್ಲ.

ಮುಂದೆ ಅಮ್ಮ ಹಾಸಿಗೆ ಹಿಡಿದರು. ನಾನು ದಿನಾ ಬೆಳಗ್ಗೆ ಸ್ನಾನ ಮಾಡಿ ಒಂದು ಗಂಟೆ ಪೂಜೆಗೆ ಕೂರುತ್ತಿದ್ದೆ. ಮಡಿ ಕೆಡುತ್ತದೆಂದು ಅಮ್ಮನ ಕೋಣೆಗೆ ಹೋಗುತ್ತಿರಲಿಲ್ಲ. ಅಲ್ಲಿನದೆಲ್ಲ ನನ್ನ ಹೆಂಡತಿಯ ಪಾಲು. ಒಮ್ಮೆ ಆಕೆ ತವರಿನಲ್ಲಿ ಸಾವಾಯಿತೆಂದು ನಾಲ್ಕು ದಿನ ಹೋದಳು. ಬಟ್ಟೆ ಬದಲಿಸುವುದು, ಮೈ ಒರೆಸುವುದು ನನಗೇ ಬಂತು. ಮೊದಲ ದಿನ ವಾಕರಿಕೆ. ಮೂರನೇ ದಿನವೂ ವಾಕರಿಕೆಯೇ, ಸುಳ್ಳು ಹೇಳುವುದಿಲ್ಲ. ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿ, “ನಿನ್ ಕೈಲಿ ಇದನ್ನ ಮಾಡಿಸ್ಕಳಂಗಾಯ್ತಲ್ಲಪ್ಪಾ” ಅಂದರು. ನನಗೆ ಮಾತು ಹೊರಡಲಿಲ್ಲ. ನಾನು ಮಗುವಾಗಿದ್ದಾಗ ಈ ತಾಯಿ ಮಾಡಿದ್ದೂ ಇದನ್ನೇ ಅಲ್ಲವೇ? ಇಷ್ಟು ದಿನ ನನ್ನ ಮಡಿ ಉಳಿದದ್ದು ಹೆಂಡತಿಯ ಕೈ ಮೈಲಿಗೆಯಾದದ್ದರಿಂದ. ಅಪ್ಪ ಹೇಳಿದ ಕಂಡಿಕೆ ಆಗ ನೆನಪಾಯಿತು.

ಮಹಾಭಾರತದ ವನಪರ್ವದಲ್ಲಿ ಕೌಶಿಕನೆಂಬ ಬ್ರಾಹ್ಮಣನ ಕಥೆ ಬರುತ್ತದೆ. ತಂದೆತಾಯಿಯರನ್ನು ಬಿಟ್ಟು ವೇದಾಧ್ಯಯನಕ್ಕೆ ಹೊರಟವನು. ಅವನಿಗೆ ಧರ್ಮ ತಿಳಿಸಿದ್ದು ಮಿಥಿಲೆಯಲ್ಲಿ ಮಾಂಸ ಮಾರುತ್ತಿದ್ದ ಧರ್ಮವ್ಯಾಧ. ಆತ ಕೌಶಿಕನನ್ನು ತನ್ನ ಮನೆಗೆ ಕರೆದೊಯ್ದು, ಮುದಿ ತಂದೆತಾಯಿಯರನ್ನು ತೋರಿಸಿ, ಇವರೇ ನನ್ನ ದೇವರು ಎಂದ. ಕೊನೆಗೆ ಹೇಳಿದ್ದೂ ಇಷ್ಟೇ: ಮನೆಗೆ ಹಿಂದಿರುಗು, ಅವರ ಸೇವೆ ಮಾಡು. ನಮ್ಮ ನಾಡಿನ 12ನೇ ಶತಮಾನದ ಶರಣರಲ್ಲೂ ಹಗ್ಗ ಹೊಸೆದ ನುಲಿಯ ಚಂದಯ್ಯ, ಅಂಗಳ ಗುಡಿಸಿದ ಸತ್ಯಕ್ಕ ಇದ್ದರು. ಅವರಿಗೆ ಕೆಲಸವೇ ಪೂಜೆಯಾಗಿತ್ತು.

ಹಾಗೆಂದು ಬೇಡದ ಕೆಲಸ ಒಂದು ದಿನ ಸಿಹಿಯಾಗುತ್ತದೆ ಎಂದು ನಾನು ಹೇಳಲಾರೆ. ವಾಸನೆ ವಾಸನೆಯೇ, ದಣಿವು ದಣಿವೇ. ಅನುಗ್ರಹ ಇರುವುದು ಬೇರೆ ಕಡೆ. ಆ ಕೆಲಸದ ಆಚೆ ತುದಿಯಲ್ಲಿ ಒಂದು ಜೀವ ಇದೆಯೆಂದು ನಮಗೆ ಕಾಣುತ್ತದಲ್ಲ, ಆ ಕಣ್ಣು ತೆರೆಯುವುದೇ ಅನುಗ್ರಹ.

ಇನ್ನೊಂದು ಮಾತು. ಕಷ್ಟದ ಕೆಲಸವನ್ನೆಲ್ಲ ಮನೆಯ ಸೊಸೆಯ ಮೇಲೋ ಬಡವನ ಮೇಲೋ ಹಾಕಿ, “ಅದು ನಿನಗೆ ದೇವರು ಕೊಟ್ಟ ಸೇವೆ” ಎಂದು ಬೋಧಿಸುವುದು ಭಕ್ತಿಯಲ್ಲ, ಮೋಸ. ಅನುಗ್ರಹವೆಂದು ನಂಬುವವನು ಮೊದಲು ತಾನು ಕೈ ಹಾಕಬೇಕು. ಹೆಂಡತಿ ಊರಿಂದ ಬಂದ ಮೇಲೂ ಬೆಳಗಿನ ಪಾಳಿ ನನ್ನದೇ ಆಯಿತು, ಅಮ್ಮ ಇರುವವರೆಗೂ. ಪೂಜೆ ಅರ್ಧ ಗಂಟೆಗೆ ಇಳಿಯಿತು. ಸ್ವಾಮಿ ಮುನಿದಂತೆ ನನಗೆ ಕಾಣಲಿಲ್ಲ.

ಪ್ರಸಾದ ಕಟ್ಟಿಕೊಂಡು ಹೊರಟಿದ್ದೀರಿ. ಮನೆಯಲ್ಲಿ ಯಾವ ಕೆಲಸ ಕಂಡರೆ ನಿಮಗೆ ಆಗುವುದಿಲ್ಲವೋ, ನಾಳೆ ಬೆಳಗ್ಗೆ ಅದನ್ನೇ ಮೊದಲು ಮಾಡಿ ನೋಡಿ. ಬೆಟ್ಟದ ಮೇಲೆ ಕೈ ಮುಗಿದದ್ದು ಅಲ್ಲಿಗೆ ಪೂರ್ತಿಯಾಗುತ್ತದೆ. ಸ್ವಾಮಿ ನಿಮಗೂ ನಿಮ್ಮ ಮನೆಯವರಿಗೂ ಒಳ್ಳೆಯದು ಮಾಡಲಿ.