ಮುರಿದ ಹಿಡಿ ಮತ್ತು ಗೃಹಸ್ಥನ ಎಚ್ಚರ

ಕರ್ಮಭೂಮಿಯ ಆರಂಭದಲ್ಲಿ ಭಗವಾನ್ ಆದಿನಾಥರು ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಜೀವನೋಪಾಯಗಳನ್ನು ಬೋಧಿಸಿದರೆಂದು ಆಚಾರ್ಯ ಜಿನಸೇನರ ಆದಿಪುರಾಣ ತಿಳಿಸುತ್ತದೆ. ಇವುಗಳಲ್ಲಿ ಶಿಲ್ಪವೆಂದರೆ ಕೈಕಸುಬು. ಗೃಹಸ್ಥನು ಉದ್ಯೋಗವಿಲ್ಲದೆ ಬಾಳಲಾರನು. ಉದ್ಯೋಗದಲ್ಲಿ ಹಿಂಸೆಯ ಅಂಶ ಸ್ವಲ್ಪವೂ ಸೇರದಂತೆ ಇರಲಾರನು. ಇದನ್ನು ಅರಿತೇ ಸಂಕಲ್ಪೀ ಹಿಂಸೆಯಿಂದ ಉದ್ಯೋಗೀ ಹಿಂಸೆಯನ್ನು ಬೇರ್ಪಡಿಸಿ ಹೇಳಲಾಗಿದೆ. ಆದರೆ ಈ ವಿನಾಯಿತಿಯು ಎಚ್ಚರಗೇಡಿತನಕ್ಕೆ ಕೊಟ್ಟ ಪರವಾನಗಿಯಲ್ಲ. ಎಚ್ಚರವು ಎಲ್ಲಿಂದ ಆರಂಭವಾಗಬೇಕೆಂಬುದನ್ನು ಒಂದು ಸಣ್ಣ ವಸ್ತುವಿನ ಮೂಲಕ ವಿಚಾರಿಸಬಹುದು.

ಮೈಸೂರಿನ ಮಂಡಿ ಮೊಹಲ್ಲಾ ಬೀಟೆಮರದ ಇನ್‌ಲೇ ಕೆಲಸಕ್ಕೆ ಹೆಸರಾದ ಬಡಾವಣೆ. ಕಪ್ಪು ಛಾಯೆಯ ಬೀಟೆಯಲ್ಲಿ ಹೂಬಳ್ಳಿ, ಆನೆ, ನವಿಲುಗಳ ಆಕಾರವನ್ನು ತೋಡಿ, ಬಿಳಿಯ ತುಂಡುಗಳನ್ನು ಕೂರಿಸುವ ಈ ಕಲೆಯಲ್ಲಿ ಹಿಂದೆ ಆನೆಯ ದಂತ ಬಳಕೆಯಾಗುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986 ಮತ್ತು 1991ರಲ್ಲಿ ಬಂದ ತಿದ್ದುಪಡಿಗಳು ದಂತದ ವ್ಯಾಪಾರವನ್ನು ಕೊನೆಗಾಣಿಸಿದವು. ಕುಶಲಕರ್ಮಿಗಳು ಪ್ಲಾಸ್ಟಿಕ್ಕಿಗೂ ಬಗೆಬಗೆಯ ಬಣ್ಣದ ಮರಗಳಿಗೂ ಹೊರಳಿದರು. ಕಸುಬು ಅಳಿಯಲಿಲ್ಲ, ಅದರೊಳಗಿದ್ದ ಒಂದು ದೊಡ್ಡ ಹಿಂಸೆ ಅಳಿಯಿತು. ಆನೆಗೆ ದೊರೆತ ಈ ರಕ್ಷಣೆ ಕೆಲಸಗಾರನ ಬೆರಳಿಗೂ ದೊರೆಯಬೇಕಲ್ಲವೇ ಎಂಬುದು ಮುಂದಿನ ಪ್ರಶ್ನೆ.

ಇಂತಹ ಒಂದು ಮರಗೆಲಸದ ಶಾಲೆಯಲ್ಲಿ ಗ್ರೈಂಡರ್ ಯಂತ್ರವೊಂದು ಕೆಳಗೆ ಬಿದ್ದು ಅದರ ಪಕ್ಕದ ಹಿಡಿ ಮುರಿಯಿತೆಂದು ಭಾವಿಸಬಹುದು. ನಾಲ್ಕು ಅಂಗುಲದ ತಟ್ಟೆಯುಳ್ಳ ಸಾಮಾನ್ಯ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಒಂದು ಕೈ ಅದರ ಒಡಲನ್ನೂ ಮತ್ತೊಂದು ಕೈ ಪಕ್ಕದ ಹಿಡಿಯನ್ನೂ ಹಿಡಿದಿರಬೇಕು. ತಟ್ಟೆ ಎಲ್ಲಿಯಾದರೂ ಸಿಕ್ಕಿಕೊಂಡರೆ ಯಂತ್ರವು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ ಒದೆಯುತ್ತದೆ. ಆಗ ಅದನ್ನು ತಡೆಯುವುದು ಆ ಎರಡನೆಯ ಕೈ. ಹಿಡಿ ಮುರಿದರೂ ಯಂತ್ರ ಓಡುತ್ತಲೇ ಇರುತ್ತದೆ. ಆದುದರಿಂದಲೇ ಅಪಾಯವು ಕಣ್ಣಿಗೆ ಬೀಳುವುದಿಲ್ಲ.

ಈಗ ಮಾಲೀಕನ ಮುಂದೆ ಮೂರು ದಾರಿಗಳಿವೆ. ಹಿಡಿಯಿಲ್ಲದೆಯೇ ಕೆಲಸ ಸಾಗಿಸುವುದು ಮೊದಲನೆಯದು. ‘ಇಷ್ಟು ದಿನ ಏನೂ ಆಗಿಲ್ಲ’ ಎಂಬುದೇ ಇದರ ಸಮರ್ಥನೆ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಡುತ್ತದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ವಿಚಾರವನ್ನು ಇನ್ನಷ್ಟು ವಿಶದಪಡಿಸಿ, ರಾಗಾದಿಗಳ ವಶನಾಗಿ ಎಚ್ಚರದಪ್ಪಿ ನಡೆಯುವವನಿಗೆ ಜೀವಿ ಸತ್ತರೂ ಸಾಯದಿದ್ದರೂ ಹಿಂಸೆಯ ದೋಷ ತಪ್ಪದೆನ್ನುತ್ತಾರೆ. ಬೆರಳು ಉಳಿದದ್ದು ಅದೃಷ್ಟದಿಂದ, ಮಾಲೀಕನ ಅಹಿಂಸೆಯಿಂದಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ತೂಕವನ್ನು ಹೊರಿಸುವುದಷ್ಟೇ ಭಾರವಲ್ಲ. ಎರಡು ಕೈ ಬೇಕಾದ ಯಂತ್ರವನ್ನು ಒಂದೇ ಕೈಯಲ್ಲಿ ತಡೆದುಕೊಳ್ಳೆನ್ನುವುದೂ ಭಾರವೇ.

ಒಂದು ಹಿಡಿಗಾಗಿ ಇಡೀ ಯಂತ್ರವನ್ನು ಎಸೆದು ಹೊಸದನ್ನು ಕೊಳ್ಳುವುದು ಎರಡನೆಯ ದಾರಿ. ಒಡಲು ಬಿರುಕು ಬಿಟ್ಟಿದ್ದರೆ, ವಿದ್ಯುತ್ ಸೋರುತ್ತಿದ್ದರೆ ಇದು ವಿವೇಕ. ಉಳಿದೆಲ್ಲ ಸರಿಯಿದ್ದರೆ ಇದು ಪರಿಗ್ರಹದ ಇನ್ನೊಂದು ರೂಪ. ಆ ತಾಮ್ರ, ಉಕ್ಕು, ಅವನ್ನು ನೆಲದಿಂದ ತೆಗೆದವರ ಶ್ರಮ, ಆಗ ನಾಶವಾದ ಜೀವರಾಶಿ ಎಲ್ಲವೂ ಕಸದ ಬುಟ್ಟಿಗೆ ಬೀಳುತ್ತವೆ.

ಮೂರನೆಯ ದಾರಿಯೆಂದರೆ ಹಿಡಿಯನ್ನಷ್ಟೇ ಬದಲಿಸುವುದು. ಯಂತ್ರ ತಯಾರಕರದೇ ಹಿಡಿ ಅಂಗಡಿಯಲ್ಲಿ ದೊರೆತರೆ ಅದೇ ಮೇಲು. ಹಳೆಯ ಯಂತ್ರಕ್ಕೆ ಅದು ದೊರೆಯದಾಗ ಮಾಡಿಕೊಳ್ಳಬೇಕಾಗುತ್ತದೆ. ಮರಗೆಲಸದ ಶಾಲೆಯಲ್ಲಿ ಬೀಟೆಯ ತುಂಡುಗಳೂ ಅದನ್ನು ಕಡೆಯುವ ಕೈಗಳೂ ಇರಬಹುದು. ಆದರೆ ಕಡೆಯುವ ಕೌಶಲವೊಂದೇ ಸಾಲದು. ಮುರಿದ ಹಿಡಿಯ ಬೋಲ್ಟನ್ನು ಅಂಗಡಿಗೆ ಒಯ್ದು, ಅದರ ದಪ್ಪವನ್ನೂ ತಿರುಪಿನ ಸುತ್ತುಗಳ ಅಂತರವನ್ನೂ ಸರಿಹೊಂದಿಸಿ ನೋಡಬೇಕು. ಬೋಲ್ಟು ಗಿಡ್ಡವಾದರೆ ಹಿಡಿತ ಸಾಲದು. ಉದ್ದವಾದರೆ ಹಿಡಿ ಬಿಗಿಯಾಗಿ ಕೂರದು. ಮರದ ಎಳೆ ಉದ್ದಕ್ಕೆ ನೇರವಾಗಿದ್ದು, ಗಂಟು, ಸೀಳು ಇರಬಾರದು. ಬೋಲ್ಟನ್ನು ಮರದ ತುದಿಗೆ ಅಂಟಿಸಿ ಬಿಡದೆ, ಹಿಡಿಯ ಉದ್ದಕ್ಕೂ ತೂರಿಸಿ ಆ ತುದಿಯಲ್ಲಿ ವಾಷರು, ನಟ್ಟು ಹಾಕಿ ಬಿಗಿದರೆ ಅಂಟು ಸೋತರೂ ಹಿಡಿ ಕಳಚಿ ಬರದು. ಲೋಹ ಕೈಗೆ ತಾಗದಂತೆ ನಟ್ಟನ್ನು ಒಳಕ್ಕೆ ಇಳಿಸಿ ಮುಚ್ಚಬೇಕು. ಕೈ ತಟ್ಟೆಯ ಕಡೆಗೆ ಜಾರದಂತೆ ಯಂತ್ರದ ಪಕ್ಕಕ್ಕೆ ಒಂದು ಅಂಚನ್ನು ಬಿಡಬೇಕು.

ಇಷ್ಟನ್ನೂ ಮಾಡದೆ, ನುಣುಪಾಗಿ ಕಡೆದು ಪಾಲಿಷ್ ಹಾಕಿದ ದುರ್ಬಲವಾದ ಹಿಡಿಯನ್ನು ಕೂರಿಸಿಕೊಟ್ಟರೆ ಅದು ಮೊದಲನೆಯ ದಾರಿಗಿಂತ ಕೆಟ್ಟದ್ದು. ಹಿಡಿಯಿಲ್ಲವೆಂದು ಕಂಡವನು ಹೆದರಿಯಾದರೂ ನಡೆಯುತ್ತಾನೆ. ಹಿಡಿಯಿದೆಯೆಂದು ನಂಬಿದವನು ತನ್ನ ಮೈಭಾರವನ್ನೇ ಅದರ ಮೇಲೆ ಬಿಡುತ್ತಾನೆ. ಸತ್ತ್ವವಿಲ್ಲದ್ದನ್ನು ಸತ್ತ್ವವುಳ್ಳದ್ದರ ರೂಪದಲ್ಲಿ ಕೊಡುವುದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೆಂದು ಕರೆಯಲಾಗಿದೆ. ಇಲ್ಲಿ ಕಳುವಾಗುವುದು ಹಣವಲ್ಲ, ನಂಬಿಕೆ.

ಹೊರನೋಟಕ್ಕೆ ಅಪರಿಗ್ರಹವೂ ಲೋಭವೂ ಒಂದೇ ಬಗೆಯಾಗಿ ಕಾಣುತ್ತವೆ. ಎರಡೂ ಹಳೆಯದನ್ನು ಎಸೆಯವು. ಎರಡೂ ಖರ್ಚಿಗೆ ಹಿಂಜರಿಯುತ್ತವೆ. ಇವನ್ನು ಬೇರ್ಪಡಿಸುವ ಒರೆಗಲ್ಲು ಒಂದೇ: ಉಳಿತಾಯದ ಕಷ್ಟವನ್ನು ಯಾರು ಹೊರುತ್ತಾರೆ? ತನ್ನ ಸಮಯ, ಶ್ರಮ, ಗಮನಗಳನ್ನು ತೆತ್ತು ವಸ್ತುವನ್ನು ಉಳಿಸುವವನು ಅಪರಿಗ್ರಹಿ. ಇನ್ನೊಬ್ಬನ ಕೈಯನ್ನು ಅಪಾಯಕ್ಕೊಡ್ಡಿ ಹಣ ಉಳಿಸುವವನು ಲೋಭಿ. ಅವನು ಧರಿಸಿದ್ದು ಮಿತವ್ಯಯದ ವೇಷ ಮಾತ್ರ. ರಿಪೇರಿಯಾದ ಯಂತ್ರವನ್ನು ಮಾಲೀಕನು ತಾನೇ ಮೊದಲು ಹಿಡಿದು ನಡೆಸಲು ಸಿದ್ಧನಿದ್ದಾನೆಯೇ, ತನ್ನ ಮಗನ ಕೈಗೆ ಕೊಡಬಲ್ಲನೇ ಎಂದು ಕೇಳಿಕೊಂಡರೆ ಉತ್ತರ ತಾನಾಗಿ ದೊರೆಯುತ್ತದೆ.

ಮುನಿಗಳು ಪಿಂಛಿ, ಕಮಂಡಲುಗಳನ್ನು ತೆಗೆಯುವಾಗಲೂ ಇಡುವಾಗಲೂ ನೋಡಿ ನಡೆಯುತ್ತಾರೆ. ಇದು ಆದಾನನಿಕ್ಷೇಪಣ ಸಮಿತಿ. ಗೃಹಸ್ಥನು ಆ ಪರಿಪೂರ್ಣತೆಯನ್ನು ಮುಟ್ಟಲಾರನಾದರೂ ಅದರ ನೆರಳಿನಲ್ಲಿ ನಡೆಯಬಲ್ಲನು. ಬಸದಿಯ ಜೀರ್ಣೋದ್ಧಾರ ಮಾಡಿಸುವ ಟ್ರಸ್ಟುಗಳು ಕಲ್ಲಿನ ಬೆಲೆ, ಮರದ ಬೆಲೆಗಳನ್ನು ಪರಿಶೀಲಿಸುವ ದಿನವೇ ಕೆಲಸಗಾರರ ಕೈಯಲ್ಲಿರುವ ಯಂತ್ರಗಳನ್ನೂ ಒಮ್ಮೆ ನೋಡುವುದು ಉಚಿತ. ಜಿನಬಿಂಬದ ಮುಂದೆ ಕೈಮುಗಿಯುವವರಿಗೆ ಆ ಮಂದಿರವನ್ನು ಕಟ್ಟಿದ ಕೈಗಳೂ ನೆನಪಿನಲ್ಲಿರಬೇಕು.