ಬಣ್ಣದ ಬಯಕೆಯೂ ಅಹಿಂಸಾಣುವ್ರತವೂ

ಸತ್ಯಮಂಗಲವೇ ಮೊದಲಾದ ತುಮಕೂರು ಸೀಮೆಯ ಊರುಗಳಲ್ಲಿ, ಕನ್ನಡ ನಾಡಿನ ಇತರ ಭಾಗಗಳಲ್ಲಿರುವಂತೆಯೇ, ಹಳೆಯ ನಂಬಿಕೆಯೊಂದುಂಟು. ಕೇರೆಹಾವು ಕೊಟ್ಟಿಗೆಗೆ ಬಂದು ಹಸುವಿನ ಹಿಂಗಾಲುಗಳಿಗೆ ಸುತ್ತಿಕೊಂಡು ಕೆಚ್ಚಲಿನ ಹಾಲು ಕುಡಿಯುವುದೆಂಬ ಮಾತು ಅದು. ಆಶ್ಚರ್ಯವೆಂದರೆ, ದೂರದ ಅಮೆರಿಕದ ರೈತರೂ ತಮ್ಮ ನಾಡಿನ ಒಂದು ಹಾವಿನ ಮೇಲೆ ಇದೇ ಆರೋಪವನ್ನು ಹೊರಿಸಿ ಅದನ್ನು ‘ಮಿಲ್ಕ್ ಸ್ನೇಕ್’, ಎಂದರೆ ಹಾಲಿನ ಹಾವು, ಎಂದು ಕರೆದರು. ಹಾಲು ಹೀರುವ ಬಾಯಿಯ ರಚನೆ ಯಾವ ಹಾವಿಗೂ ಇಲ್ಲ. ಎರಡೂ ನಾಡುಗಳಲ್ಲಿ ಹಾವು ಕೊಟ್ಟಿಗೆಗೆ ಬಂದದ್ದು ಇಲಿಗಾಗಿ.

ವಿಷವಿಲ್ಲದ ಈ ಹಾಲಿನ ಹಾವಿನ ಮೈಮೇಲೆ ಕೆಂಪು, ಕಪ್ಪು, ಬಿಳಿ ಪಟ್ಟೆಗಳಿರುತ್ತವೆ. ಆ ಚೆಲುವೇ ಅದಕ್ಕೆ ಬಂಧನವಾಯಿತು. ಜನರು ಅದನ್ನು ಪೆಟ್ಟಿಗೆಗಳಲ್ಲಿ ಸಾಕಿ, ಅಪೂರ್ವ ಬಣ್ಣದ ಮರಿಗಳಿಗಾಗಿ ಜೋಡಿಗಳನ್ನು ಆರಿಸಿ ಕೂಡಿಸತೊಡಗಿದರು. ವರ್ಣಹೀನತೆಯಂತಹ ಗುಣವು ತಂದೆತಾಯಿಗಳಿಬ್ಬರಲ್ಲಿಯೂ ಗುಪ್ತವಾಗಿದ್ದರೆ, ಸರಾಸರಿ ನಾಲ್ಕು ಮರಿಗಳಲ್ಲಿ ಒಂದರಲ್ಲಿ ಮಾತ್ರ ಅದು ಪ್ರಕಟವಾಗುತ್ತದೆ. ಆ ಒಂದನ್ನು ಪಡೆಯಲು ಮಗಳನ್ನು ತಂದೆಯೊಡನೆ, ತಮ್ಮನನ್ನು ಅಕ್ಕನೊಡನೆ ಕೂಡಿಸುವುದೂ ಉಂಟು. ಬಯಸಿದ ಬಣ್ಣ ಬಾರದ ಮರಿಗಳು ಅಗ್ಗದ ಸರಕಾಗುತ್ತವೆ.

ಇದು ಪರದೇಶದ ಹವ್ಯಾಸವಷ್ಟೇ ಎಂದು ಸುಮ್ಮನಿರುವಂತಿಲ್ಲ. 2023ರ ಸೆಪ್ಟೆಂಬರ್ 6ರಂದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ ಸುಂಕದ ಅಧಿಕಾರಿಗಳು 78 ಪ್ರಾಣಿಗಳನ್ನು ಕಂಡರು. ಅವುಗಳಲ್ಲಿ 55 ಬಗೆಬಗೆಯ ಬಣ್ಣಗಳ ‘ಬಾಲ್ ಪೈಥಾನ್’ ಎಂಬ ಆಫ್ರಿಕದ ಹೆಬ್ಬಾವುಗಳು, 17 ಕಾಳಿಂಗಸರ್ಪಗಳು, ಉಳಿದ ಆರು ಕೋತಿಗಳು ಸತ್ತಿದ್ದವು. ಈ ಹೆಬ್ಬಾವಿನಲ್ಲಿ ‘ಸ್ಪೈಡರ್’ ಎಂಬ ಹೆಸರಿನ ಒಂದು ಬಣ್ಣದ ಬಗೆಯಿದೆ. ಆ ಬಣ್ಣದೊಡನೆಯೇ ತಲೆ ನಡುಗುವ, ಸಮತೋಲ ತಪ್ಪುವ ದೋಷವೂ ಹುಟ್ಟಿನಿಂದ ಬರುತ್ತದೆ. ಅದನ್ನು ತಿಳಿದವರೂ ಆ ಬಗೆಯನ್ನು ಬೆಳೆಸಿ ಮಾರಿದ್ದಾರೆ.

ಇಲ್ಲಿ ಒಬ್ಬ ಶ್ರಾವಕ ತರುಣನು ಕೇಳಬಹುದಾದ ಪ್ರಶ್ನೆ ಹಗುರವಾದುದಲ್ಲ. “ಹಾವನ್ನು ಕಂಡಲ್ಲಿ ಬಡಿದು ಕೊಲ್ಲುವ ಲೋಕದಲ್ಲಿ, ಅದನ್ನು ಪ್ರೀತಿಯಿಂದ ಸಾಕುವವನು ಅಹಿಂಸೆಗೆ ಹತ್ತಿರದವನಲ್ಲವೆ? ಹಳ್ಳಿಕಾರ್ ಎತ್ತುಗಳ ತಳಿಯನ್ನೂ ಜನರು ಆರಿಸಿಯೇ ಬೆಳೆಸಲಿಲ್ಲವೆ?” ಎಂದು ಅವನು ಕೇಳಿದರೆ ಹಿರಿಯರು ಗದರಿಸಿ ಸುಮ್ಮನಾಗಿಸುವುದು ಉತ್ತರವಾಗದು. ಬಡಿಯುವವನಿಗಿಂತ ಸಾಕುವವನು ಮೇಲು ಎಂಬುದು ದಿಟ. ಎತ್ತಿನ ಸಾಕಣೆಯೂ ನಿರ್ದೋಷವಲ್ಲ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಆಚಾರ್ಯರು ಹೇಳಿದ್ದು ಪಶುಗಳನ್ನು ಸಾಕುವ ಗೃಹಸ್ಥರನ್ನೂ ಕಣ್ಣಮುಂದಿಟ್ಟುಕೊಂಡೇ. ಆದರೆ ಉಳುಮೆಗೆ ಪ್ರಯೋಜನವುಂಟು. ಹಾವಿನ ಬಣ್ಣಕ್ಕೆ ಕಣ್ಣಿನ ಚಪಲದ ಹೊರತು ಬೇರೆ ಪ್ರಯೋಜನವಿಲ್ಲ. ಪ್ರಯೋಜನವಿಲ್ಲದ ಪಾಪಕ್ಕೇ ಅನರ್ಥದಂಡವೆಂದು ಹೆಸರು.

ಇನ್ನೊಂದು ಮಾತು ಇದಕ್ಕಿಂತ ಕಠಿನವಾದುದು. ಹಾವು ಸಸ್ಯಾಹಾರಿಯಲ್ಲ. ಅದನ್ನು ಸಾಕುವ ಮನೆಗೆ ಇಲಿ ಬರಲೇಬೇಕು. ಕೊಂದ ಇಲಿಯನ್ನು ಅಂಗಡಿಯಿಂದ ತಂದೆನೆಂದರೆ ಕೃತದೋಷ ತಪ್ಪೀತು. ಕಾರಿತ, ಅನುಮೋದಿತಗಳು ತಪ್ಪುವುದಿಲ್ಲ. ಕಾಡಿನ ಹಾವು ತಿಂದ ಇಲಿಯ ಹೊಣೆ ಶ್ರಾವಕನದಲ್ಲ; ಪೆಟ್ಟಿಗೆಯ ಹಾವಿಗೆ ಕೊಟ್ಟ ಇಲಿಯ ಹೊಣೆ ಅವನದೇ. ಸ್ವಾಮಿ ಕಾರ್ತಿಕೇಯಾನುಪ್ರೇಕ್ಷೆಯು ಬೆಕ್ಕು ಮೊದಲಾದ ಹಿಂಸ್ರಜೀವಿಗಳನ್ನು ಸಾಕುವುದನ್ನು ಹಿಂಸಾದಾನದಲ್ಲಿ ಎಣಿಸಿರುವುದರ ಮರ್ಮವಿದು. ಅಷ್ಟಮಿ ಚತುರ್ದಶಿಗಳಂದು ತಾನು ಪ್ರೋಷಧೋಪವಾಸವಿದ್ದು, ಅದೇ ದಿನ ಮನೆಯ ಹಾವಿಗೆ ಇಲಿಯನ್ನು ಹಾಕುವವನ ಉಪವಾಸ ಎಂತಹುದು? ಹಾವಾದರೋ ವಾರಗಟ್ಟಲೆ ಆಹಾರವಿಲ್ಲದೆ ಇರಬಲ್ಲುದು. ಆದರೂ ಅದು ಉಪವಾಸವಲ್ಲ. ಸಂಕಲ್ಪಪೂರ್ವಕವಾದ ತ್ಯಾಗವಿಲ್ಲದ ಹಸಿವು ವ್ರತವಾಗದು. ಸಂಕಲ್ಪಶಕ್ತಿಯುಳ್ಳ ಮನುಷ್ಯನಾದರೂ ಹೊಟ್ಟೆಯನ್ನು ಬಿಗಿಹಿಡಿದು ಕಣ್ಣನ್ನು ಹರಿಯಬಿಟ್ಟರೆ ಅವನ ವ್ರತವೂ ಅರ್ಧದಲ್ಲಿಯೇ ನಿಲ್ಲುತ್ತದೆ.

ತುಮಕೂರಿಗೆ ಸಮೀಪದ ಮಂದರಗಿರಿಯನ್ನೇರುವ ಶ್ರಾವಕರು ಅಲ್ಲಿ ಪಾರ್ಶ್ವನಾಥನ ದರ್ಶನವನ್ನೂ ಪಡೆಯುತ್ತಾರೆ. ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಸಂಗ ಅವರಿಗೆ ಹೊಸದಲ್ಲ. ತಾಪಸನು ಸೌದೆಯನ್ನು ಸೀಳಲು ಕೊಡಲಿಯೆತ್ತಿದಾಗ, ಒಳಗೆ ಜೀವವಿದೆಯೆಂದು ಕುಮಾರ ಪಾರ್ಶ್ವನು ತಡೆದನು. ತಾಪಸನು ಕೇಳಲಿಲ್ಲ, ಸರ್ಪದ ಜೋಡಿ ತುಂಡಾಯಿತು. ಸಾಯುತ್ತಿದ್ದ ಆ ಜೀವಿಗಳಿಗೆ ಕುಮಾರನ ಉಪದೇಶದಿಂದ ಶಾಂತಿ ದೊರೆಯಿತು. ಅವು ಧರಣೇಂದ್ರ ಪದ್ಮಾವತಿಯರಾಗಿ ಹುಟ್ಟಿದವು. ಅವುಗಳ ಮೈಬಣ್ಣ ಯಾವುದೆಂಬುದು ಅಲ್ಲಿ ವಿಚಾರವೇ ಅಲ್ಲ. ಕುಮಾರನು ಕಂಡದ್ದು ಜೀವವನ್ನು.

ನಾಗರಹಾವು, ಕೇರೆಹಾವುಗಳನ್ನು ಸೆರೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಕಾಯಿದೆ ಕೈಯನ್ನು ತಡೆದೀತು; ಕಣ್ಣಿನ ಬಯಕೆಯನ್ನು ತಡೆಯಬೇಕಾದುದು ವ್ರತ. ಆದುದರಿಂದ ಪರಿಗ್ರಹ ಪರಿಮಾಣವನ್ನು ಮಾಡಿಕೊಳ್ಳುವ ಗೃಹಸ್ಥರು ಹೊಲ, ಮನೆ, ಬಂಗಾರಗಳ ಮಿತಿಯೊಡನೆ ಇನ್ನೊಂದು ನಿಯಮವನ್ನೂ ಸೇರಿಸಿಕೊಳ್ಳುವುದು ಲೇಸು: ನೋಟದ ಸುಖಕ್ಕಾಗಿ ಯಾವ ಜೀವಿಯನ್ನೂ ಕೊಳ್ಳುವುದಿಲ್ಲ, ಹುಟ್ಟಿಸುವುದಿಲ್ಲ. ಮನೆಯ ಮಕ್ಕಳಿಗೆ ಹಾವಿನ ಮೇಲೆ ಒಲವಿದ್ದರೆ ಅದನ್ನು ಚಿವುಟಬೇಕಾಗಿಲ್ಲ. ಮಳೆಗಾಲದಲ್ಲಿ ಬೇಲಿಯ ಬದಿಯಲ್ಲಿ ಕೇರೆಹಾವು ಹರಿದುಹೋಗುವಾಗ, ದೂರದಲ್ಲಿ ನಿಂತು ಅದಕ್ಕೆ ದಾರಿ ಬಿಡುವುದನ್ನು ಅವರಿಗೆ ಕಲಿಸಿದರೆ ಸಾಕು.