ವಯಸ್ಸಿನ ಸಾಕ್ಷ್ಯವೂ ವಾಕ್‌ಸ್ವಾತಂತ್ರ್ಯವೂ

ಎಳೆಯರ ಕಣ್ಣಿಗೆ ಬೀಳಬಾರದ ವಸ್ತುಗಳು ಲೋಕದಲ್ಲಿ ಕೆಲವುಂಟು. ಅವುಗಳಿಂದ ಅವರನ್ನು ಕಾಪಾಡುವುದು ಹಿರಿಯರ ಧರ್ಮ, ಇದನ್ನು ಅಲ್ಲಗಳೆಯುವವರಿಲ್ಲ. ಆ ಧರ್ಮವನ್ನು ನಡೆಸುವುದಕ್ಕಾಗಿ ಪ್ರಾಯಸ್ಥರಿಂದ ಎಷ್ಟನ್ನು ಕೇಳಬಹುದು ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಅಮೆರಿಕದ ಟೆಕ್ಸಾಸ್ ಸಂಸ್ಥಾನವು 2023ರಲ್ಲಿ ಒಂದು ಕಾನೂನನ್ನು ಮಾಡಿತು. ಯಾವ ಅಂತರ್ಜಾಲ ತಾಣದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚಾಗಿ ಅಪ್ರಾಪ್ತವಯಸ್ಕರಿಗೆ ಹಾನಿಕರವಾದ ಅಶ್ಲೀಲ ಸಾಮಗ್ರಿಯಿದೆಯೋ, ಅದು ಬಂದವರಿಗೆ 18 ವರ್ಷ ತುಂಬಿದೆಯೆಂಬುದನ್ನು ಸರ್ಕಾರಿ ಗುರುತಿನ ಪತ್ರದಿಂದಲೋ ಬೇರೆ ದಾಖಲೆಗಳಿಂದಲೋ ನಿಶ್ಚಯಿಸಿಕೊಂಡ ಮೇಲೆಯೇ ಒಳಗೆ ಬಿಡತಕ್ಕದ್ದು. ಇದು ವಾಕ್‌ಸ್ವಾತಂತ್ರ್ಯಕ್ಕೆ ಭಂಗವೆಂಬ ವಾದವನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 2025ರ ಜೂನ್ 27ರಂದು ತಳ್ಳಿಹಾಕಿತು. ಆರು ಮಂದಿಯ ಪರವಾಗಿ ಬರೆದ ನ್ಯಾಯಮೂರ್ತಿ ಥಾಮಸ್ ಅವರು, ಪ್ರಾಯಸ್ಥರಿಗೆ ಒದಗುವ ತೊಡಕು ಆನುಷಂಗಿಕವಾದದ್ದೆಂದರು. ಭಿನ್ನಮತದ ಮೂವರ ಪರವಾಗಿ ಕೇಗನ್ ಅವರು, ಇಂಥ ಕಾನೂನನ್ನು ಅತ್ಯಂತ ಕಠಿಣವಾದ ಒರೆಗಲ್ಲಿಗೆ ಹಚ್ಚಬೇಕಾಗಿತ್ತೆಂದರು.

ಅಂಗಡಿಯವನು ಹುಡುಗನಿಗೆ ಇಂಥ ಪುಸ್ತಕವನ್ನು ಮಾರಬಾರದೆಂಬ ನಿಯಮವನ್ನು ಅದೇ ನ್ಯಾಯಾಲಯವು 1968ರಲ್ಲಿಯೇ ಒಪ್ಪಿತ್ತು; ಇದೂ ಹಾಗೆಯೇ ಅಲ್ಲವೆ? ಸಾಮ್ಯವುಂಟು, ವ್ಯತ್ಯಾಸವೂ ಉಂಟು. ಅಂಗಡಿಯವನು ನರೆಗೂದಲನ್ನು ಕಂಡು ಸುಮ್ಮನಾಗುತ್ತಾನೆ. ಸಂಜೆಯ ಹೊತ್ತಿಗೆ ಮರೆಯುತ್ತಾನೆ. ಯಂತ್ರಕ್ಕೆ ತಾನಾಗಿ ಮರೆವಿಲ್ಲ. ಗುರುತನ್ನು ಉಳಿಸಿಕೊಳ್ಳಕೂಡದೆಂದು ಟೆಕ್ಸಾಸಿನ ಕಾನೂನೇನೋ ವಿಧಿಸಿದೆ. ಆದರೆ ಉಳಿಸಿಕೊಂಡಿಲ್ಲವೆಂಬುದನ್ನು ಹೆಸರನ್ನು ಒಪ್ಪಿಸಿದವನು ಕಣ್ಣಾರೆ ಕಾಣಲಾರನು. ಅವನನ್ನು ಬಾಗಿಲಿನಿಂದ ಹಿಂದಿರುಗಿಸಲು ಆ ಅಂಜಿಕೆಯೇ ಸಾಕು.

ಹಿಂದಿರುಗಿದರೆ ನಷ್ಟವೇನು, ಆ ಸಾಮಗ್ರಿ ಹೇಗೂ ಹೇಯವಲ್ಲವೆ ಎನ್ನಬಹುದು. ಆದರೆ ಶ್ಲಾಘ್ಯವಾದುದಕ್ಕೆ ಮಾತ್ರ ಸಲ್ಲುವ ಸ್ವಾತಂತ್ರ್ಯಕ್ಕೆ ರಕ್ಷಣೆಯೇ ಬೇಕಿಲ್ಲ. ಅಲ್ಲದೆ ಇಂಥ ಕಾವಲು ಒಂದೇ ಬಾಗಿಲಿಗೆ ನಿಲ್ಲುವುದಿಲ್ಲ. ಆಸ್ಟ್ರೇಲಿಯವು 2025ರ ಡಿಸೆಂಬರ್ 10ರಿಂದ, 16 ತುಂಬದವರಿಗೆ ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆಯಿಲ್ಲದಂತೆ ವಿಧಿಸಿತು. ಆ ತಾಣಗಳಲ್ಲಿ ನಡೆಯುವುದು ರಾಜಕಾರಣದ ಮಾತು, ಮತಧರ್ಮದ ಚರ್ಚೆ, ರೋಗಿಯ ಸಂಕೋಚದ ಪ್ರಶ್ನೆ. ಹೆಸರು ಹೇಳದೆ ಓದುವ, ಕೇಳುವ ಅವಕಾಶವು ದುಷ್ಟರಿಗೆ ಮರೆಯಾಗಬಹುದು. ದುರ್ಬಲರಿಗೆ ಅದೇ ಆಶ್ರಯ.

ಹಾಗೆಂದು ಮಕ್ಕಳನ್ನು ಅರಕ್ಷಿತರಾಗಿ ಬಿಡಬೇಕೆಂದಲ್ಲ. ವಯಸ್ಸು ಬೇರೆ, ಹೆಸರು ಬೇರೆ. ಪ್ರಾಯ ತುಂಬಿದೆಯೆಂಬಷ್ಟನ್ನೇ ತಿಳಿಸಿ ಯಾರೆಂಬುದನ್ನು ತಿಳಿಸದ ವಿಧಾನಗಳನ್ನು ಗಣಿತಜ್ಞರು ರೂಪಿಸಿದ್ದಾರೆ. ಅವುಗಳನ್ನು ಬಳಕೆಗೆ ತರುವುದು ಕಷ್ಟವಾದರೆ, ಆ ಕಷ್ಟವನ್ನು ಪಡಬೇಕಾದವನು ಕಾನೂನು ಮಾಡುವವನು. ಕಾವಲುಗಾರನು ಅರಿಯಬೇಕಾದದ್ದು ಬಂದವನು ಬಾಲಕನೋ ಅಲ್ಲವೋ ಎಂಬುದೊಂದನ್ನೇ. ಅದಕ್ಕೆ ಮೀರಿ ಕೇಳಿದರೆ ಅವನು ಮಕ್ಕಳನ್ನು ಕಾಯುವುದನ್ನು ಬಿಟ್ಟು ಹಿರಿಯರ ಮೇಲೆ ಕಣ್ಣಿಟ್ಟಂತಾಗುತ್ತದೆ.